ಹನ್ನೊಂದನೇ ಮಣೆ

ನಮ್ಮ ಶೆಡ್ಡಿನಲ್ಲಿ ಹಾಜರಿ ಹಾಕುತ್ತಿದ್ದುದು ಆಳಿಗಲ್ಲ, ಮಣೆಗೆ. ಕೇಳಿದವರು ನಗುತ್ತಾರೆ, ನಗಲಿ. ನನಗೂ ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ ಅಷ್ಟೇ.

ತಮಿಳುನಾಡಿನ ಹರೂರಿನಿಂದ ಮೊರಪ್ಪೂರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಹುಣಸೆ ಶೆಡ್ಡು. ಕರಿಕಲ್ಲಿನ ಕಂಬಗಳ ಮೇಲೆ ಶೀಟು ಹೊದಿಸಿದ ಉದ್ದನೆಯ ಸಾಲು. ಇಪ್ಪತ್ತೆರಡು ಹೆಂಗಸರು ಇಪ್ಪತ್ತೆರಡು ಮಣೆಗಳ ಮೇಲೆ ಕೂತು ಹಣ್ಣು ಬಡಿದು, ಸಣ್ಣ ಚೂರಿಯಲ್ಲಿ ಸೀಳಿ, ಬೀಜ ಬೇರೆ ನಾರು ಬೇರೆ ಮಾಡುತ್ತಾರೆ. ಸುಗ್ಗಿ ಮುಗಿದ ಮೇಲೂ ಕೋಲ್ಡ್ ಸ್ಟೋರೇಜಿನಿಂದ ಹಣ್ಣು ಬರುತ್ತಲೇ ಇರುವುದರಿಂದ ವರ್ಷವಿಡೀ ಕೆಲಸ. ಸಂಜೆ ನಾನು ತಕ್ಕಡಿ ಹಿಡಿದು ಮಣೆವಾರು ತೂಕ ಬರೆದುಕೊಳ್ಳುತ್ತೇನೆ. ತಾಳವಾಡಿ ಕಡೆಯಿಂದ ಮದುವೆಯಾಗಿ ಬಂದ ನನ್ನ ಅಮ್ಮ ನನಗೆ ಕನ್ನಡ ಅಕ್ಷರ ಕಲಿಸಿದಳು. ಆ ಪುಣ್ಯಕ್ಕೆ ತೂಕದ ಪುಸ್ತಕ ಕನ್ನಡದಲ್ಲೇ ಇದೆ. ಊರಿನಲ್ಲಿ ಕನ್ನಡ ಆಡುವ ಮನೆಗಳುಂಟು, ಆದರೆ ಅದನ್ನು ಓದಬಲ್ಲವರು ಇಬ್ಬರೋ ಮೂವರೋ.

ಮಣೆ ಒಬ್ಬೊಬ್ಬರದಲ್ಲ, ಒಂದೊಂದು ಮನೆಯದು. ಅಕ್ಕನಿಗೆ ಜ್ವರ ಬಂದರೆ ತಂಗಿ ಬಂದು ಕೂರುತ್ತಾಳೆ, ಅತ್ತೆ ಸಂತೆಗೆ ಹೋದರೆ ಸೊಸೆ ಬರುತ್ತಾಳೆ. ಹೊಲದಲ್ಲಿ ಮುಯ್ಯಾಳು ಹೋಗಿ ಬೆಳೆದ ಜನ ಇವರು. ಇವತ್ತು ನೀನು ನನ್ನ ಹೊಲದಲ್ಲಿ ಕಳೆ ತೆಗೆದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ದಿನಕ್ಕೆ ದಿನವನ್ನೇ ಕೊಟ್ಟು ತೀರಿಸಬೇಕು, ದುಡ್ಡು ಕೊಟ್ಟರೆ ಅವಮಾನ. ಆ ಮುಯ್ಯಿಯನ್ನೇ ಅವರು ನನ್ನ ಶೆಡ್ಡಿಗೂ ತಂದರು. ನಾನು ಬೇಡವೆನ್ನಲಿಲ್ಲ. ಮಣೆ ಖಾಲಿ ಬೀಳದಿದ್ದರೆ ನನಗೆ ಸಾಕಿತ್ತು.

ಆಮೇಲೆ ಪಿ.ಎಫ್., ಇ.ಎಸ್.ಐ. ಎರಡಕ್ಕೂ ಶೆಡ್ಡನ್ನು ಸೇರಿಸಬೇಕಾಯಿತು. ಕೂಲಿಯಲ್ಲಿ ಅವರದೊಂದು ಚೂರು, ನನ್ನದೊಂದು ಪಾಲು ಸೇರಿಸಿ ತಿಂಗಳು ತಿಂಗಳು ಕಟ್ಟಬೇಕು; ಕಾಯಿಲೆ ಬಿದ್ದರೆ ಆಸ್ಪತ್ರೆ, ಬಸುರಿಯಾದರೆ ಸಂಬಳದ ರಜೆ. ಒಳ್ಳೆಯ ಏರ್ಪಾಡು. ನಾನು ಹರೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಇಪ್ಪತ್ತೆರಡು ಮಣೆಗೆ ಇಪ್ಪತ್ತೆರಡು ಹೆಸರು ಹೊಡೆಸಿದೆ, ಒಂದೊಂದು ಮನೆಯ ಹಿರಿಯ ಹೆಂಗಸಿನ ಹೆಸರು. ಯಾರ ಸಹಾಯವೂ ಇಲ್ಲದೆ ಮಾಡಿಬಿಟ್ಟೆ ಎಂಬ ಜಂಬದಲ್ಲಿ ಅವತ್ತು ಎಲ್ಲರಿಗೂ ಬೋಂಡಾ ಕೊಡಿಸಿದ್ದೆ.

ಹನ್ನೊಂದನೇ ಮಣೆ ಕುರಿ ಸಾಕುವ ಮನೆಯ ಒಬ್ಬ ಹೆಂಗಸಿನದು. ನೆಂಟಳಲ್ಲದಿದ್ದರೂ ಶೆಡ್ಡಿನಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ. ಬಾಯಿ ಅಂದರೆ ಬಾಯಿ. ಬೆಳಿಗ್ಗೆ ಬಂದವಳೇ ನನ್ನ ತಕ್ಕಡಿಯನ್ನು ಬೈದು, ಅವತ್ತಿನ ಹಣ್ಣನ್ನು ಬೈದು, ಆಮೇಲೆ ನೆಮ್ಮದಿಯಾಗಿ ಸೊಸೆಯನ್ನು ಬೈಯಲು ಕೂರುವಳು. ಸೊಸೆ ಸೋಮಾರಿ, ಸೊಸೆಗೆ ಮುದ್ದೆ ತಿರುವಲು ಬಾರದು, ಸೊಸೆ ತಮಿಳು ಸೀರಿಯಲ್ಲು ನೋಡಿ ಕೆಟ್ಟಳು. "ಆರು ವರ್ಸದಾಗೆ ನನ್ ಮಣೆ ಒಂದ್ ದಿನ ಖಾಲಿ ಬಿದ್ದಿಲ್ಲ" ಅನ್ನುವುದು ಅವಳ ಹೆಮ್ಮೆ. ಎಲೆ ಅಡಿಕೆ ಹಾಕುವವಳು ಬೇರೆ. ಬೆರಳಿನ ಸುಣ್ಣವನ್ನು ಬೆನ್ನ ಹಿಂದಿನ ಕಂಬಕ್ಕೆ ಒರೆಸಿ ಒರೆಸಿ ಕರಿಕಲ್ಲೆಲ್ಲ ಬಿಳಿ ಗೀಟು. ಇದೇನು ನಿಮ್ಮ ಮನೆ ಗೋಡೆಯಾ ಎಂದು ನಾನು ಎಷ್ಟು ಸಲ ರೇಗಿದ್ದೇನೋ.

"ಕಂಬ ಏನ್ ಸವ್ದೋಯ್ತಾ?" ಎಂದು ಅವಳು ಎಲೆಗೆ ಸುಣ್ಣ ಹಚ್ಚುವಳು.

ಸೊಸೆ ಮೆಟ್ಟೂರು ಕಡೆಯ ಹಳ್ಳಿಯವಳು, ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ, ಕೈ ಚುರುಕು. ಅತ್ತೆಯ ಮಂಡಿ ಊದಿದ ದಿನ, ಕುರಿ ವ್ಯಾಪಾರದ ದಿನ ಅವಳೇ ಬಂದು ಕೂರುತ್ತಿದ್ದಳು. ಅತ್ತೆ ಹತ್ತು ಕಿಲೋ ಬಿಡಿಸಿದರೆ ಇವಳದು ಹದಿನೈದು. ಮೊದಲ ಸಲ ಬಸುರಾದಾಗ ಕುರಿಗಳ ಹಿಂದೆ ಗುಡ್ಡ ಹತ್ತಿ ಇಳಿದು ಅದು ಉಳಿದಿರಲಿಲ್ಲ. ಹೋದ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ನಿಂತಳು. ಐದು ತಿಂಗಳಾಗಿತ್ತು.

"ಅಕ್ಕಾ, ಏಳ್ನೇ ಮಣೆಯೋಳ್ಗೆ ಎರ್ಗೆ ರಜಾ ಕೊಟ್ಟು ಸಂಬ್ಳಾನೂ ಕೊಟ್ರಲ್ಲ, ನಂಗೂ ಬತ್ತದಾ? ಈ ಸಲ ಡಾಕ್ಟ್ರು ಸುಮ್ನೆ ಮನೇಲಿರು ಅಂದವ್ರೆ."

"ಬರದೆ ಏನು" ಅಂದೆ. ಅವತ್ತೇ ಬ್ರೌಸಿಂಗ್ ಸೆಂಟರಿಗೆ ಹೋಗಿ ಹೆಸರಿನ ಪಟ್ಟಿ ತೆಗೆಸಿದೆ. ಹನ್ನೊಂದನೇ ಸಾಲಿನಲ್ಲಿ ಅತ್ತೆಯ ಹೆಸರು. ಸೊಸೆಯ ಹೆಸರು ಎಲ್ಲೂ ಇಲ್ಲ. ಎರಡು ವರ್ಷ ನನ್ನ ಕಣ್ಣೆದುರು ಕೂತು ಕೈ ಸವೆಸಿದವಳು ಸರ್ಕಾರದ ಪಾಲಿಗೆ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಅವಳನ್ನು ಹಾಗೆ ಅಳಿಸಿಹಾಕಿದವಳು ನಾನೇ. ನನಗೆ ನಾಚಿಕೆಯಾಯಿತು, ಜೊತೆಗೆ ಭಯವೂ ಆಯಿತು. ಹೇಳಿಕೊಂಡರೆ ದಂಡ ಬೀಳುವುದು ಖಂಡಿತ. ಹೇಳದೆ ಇದ್ದರೆ ಆ ಹುಡುಗಿ ತುಂಬಿದ ಹೊಟ್ಟೆ ಹೊತ್ತು ಕುರಿ ಹಿಂದೆಯೋ ಮಣೆ ಮೇಲೋ ಇರುತ್ತಾಳೆ. ಎರಡು ದಿನ ಯಾರಿಗೂ ಹೇಳದೆ ಎಲ್ಲರ ಮೇಲೂ ಸಿಡುಕಿದೆ.

ನಮ್ಮಂಥ ಸಣ್ಣ ಮಾಲೀಕರಿಗಾಗಿ ಧರ್ಮಪುರಿಯಲ್ಲಿ ತಿಂಗಳಿಗೊಮ್ಮೆ ಸಹಾಯ ಶಿಬಿರ ನಡೆಯುತ್ತದೆ. ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ವಿಷಯ ಇಷ್ಟು, ಸೊಸೆಯ ಹೆಸರು ಸೇರಿಸಬೇಕು ಎಂದು ದೊಡ್ಡಮ್ಮನಿಗೆ ದಾರಿಯಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಬ್ರೇಕ್ ಹಾಕಿದಾಗಲೆಲ್ಲ ಡ್ರೈವರನ್ನು ಬೈಯುತ್ತಾ ಬಂದಳು.

ಶಿಬಿರದಲ್ಲಿ ಸಬ್ಬಕ್ಕಿ ಮಿಲ್ಲಿನವರು, ಇಟ್ಟಿಗೆ ಗೂಡಿನವರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಕಾಗದ. ನಮ್ಮ ಸರದಿಗೆ ಸಿಕ್ಕಿದ್ದು ಒಬ್ಬ ಮೇಡಂ. ಮೆಟ್ಟೂರು ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವರಂತೆ, ಅಕ್ಕಪಕ್ಕದ ಮನೆಗಳಿಂದ ಕನ್ನಡ ಬಂದಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎನ್ನಮ್ಮಾ ಇದು! ಆಳಿನ ಹೆಸರು ಬರಿ ಅಂದ್ರೆ ಮಣೆಗೆ ಹೆಸರಿಟ್ಟಿದ್ದೀರಾ?"

"ಹೌದು ಮೇಡಂ."

"ತಪ್ಪು ನಿಮ್ಮದು. ದಂಡ ಬಡ್ಡಿ ಎರಡೂ ನೀವೇ ಕಟ್ಟಬೇಕು." ಆಮೇಲೆ ದನಿ ಇಳಿಸಿ ನಿಧಾನವಾಗಿ ತಿಳಿಸಿ ಹೇಳಿದರು. ಸೊಸೆಯನ್ನು ಸೇರಿಸಬಹುದು. ಆದರೆ ಹೆರಿಗೆ ರಜೆಯ ಸಂಬಳ ಸಿಗಬೇಕಾದರೆ ಹಿಂದಿನ ಒಂದು ವರ್ಷದಲ್ಲಿ ಎಪ್ಪತ್ತು ದಿನವಾದರೂ ಅವಳು ಕೆಲಸ ಮಾಡಿರಬೇಕು. ಅವಳು ಕೂತ ದಿನಗಳು ಈಗ ಅತ್ತೆಯ ಹೆಸರಿನಲ್ಲಿವೆ. ಆ ದಿನಗಳಲ್ಲಿ ತಾನು ಬಂದಿರಲಿಲ್ಲ ಎಂದು ಅತ್ತೆಯೇ ಒಪ್ಪಿಕೊಂಡು ಬಿಟ್ಟುಕೊಡಬೇಕು. ಎಷ್ಟು ದಿನ ಎಂಬುದಕ್ಕೆ ಆಧಾರವೂ ಬೇಕು.

ಮುಗಿಯಿತು ಅಂದುಕೊಂಡೆ. ಆರು ವರ್ಷದ ಹೆಮ್ಮೆಯನ್ನು ಈ ಹೆಂಗಸು ಸೋಮಾರಿ ಸೊಸೆಗೋಸ್ಕರ ಬಿಟ್ಟುಕೊಡುವುದುಂಟೆ? ಮೂವರೂ ಅವಳ ಮುಖ ನೋಡಿದೆವು. ದೊಡ್ಡಮ್ಮ ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗಿದು ಬಂದು, ಕುರ್ಚಿಯಲ್ಲಿ ಸರಿಯಾಗಿ ಕೂತಳು.

"ಕಂಬಕ್ಕೆ ಬರ್ದಿವ್ನಿ. ಬಂದ್ ನೋಡವ್ವ."

"ಯಾವ ಕಂಬ?"

"ಇವ್ಳು ದಿನಾ ನನ್ನ ಬೈತಾಳಲ್ಲ, ಆ ಕಂಬ. ಸೊಸೆ ಕೂತ ಒಂದೊಂದ್ ದಿನುಕ್ಕೂ ಒಂದೊಂದ್ ಗೀಟು. ಪೊಂಗಲ್ ಬಂದಾಗ ಒಂದ್ ಅಡ್ಡ ಗೀಟು. ಸೊಸೆ ಅಂತ ಬಿಟ್ಟಿ ಮಾಡಿಸ್ಕೊಳ್ಳಕಾಯ್ತದಾ? ಮುಯ್ಯಿ ತೀರಿಸ್ಬೇಕಲ್ಲ."

ಸೊಸೆಗೂ ಇದು ಗೊತ್ತಿರಲಿಲ್ಲ. "ದಿನಾ ಬೈತಿದ್ರಲ್ಲ ಅತ್ತೆ" ಅಂದಳು.

"ಬೈಯೋದ್ ಬೇರೆ, ಲೆಕ್ಕ ಬೇರೆ ಕಣ್ಲೇ."

ಮೇಡಂ ಕನ್ನಡಕ ಹಾಕಿಕೊಂಡು ಏನೋ ಬರೆಯುವವರಂತೆ ತಲೆ ತಗ್ಗಿಸಿದರು. ನನಗಂತೂ ನಾನು ಅಷ್ಟು ದಿನ ಕೂಗಾಡಿದ್ದೆಲ್ಲ ನೆನಪಿಗೆ ಬಂದು ಆ ಮುದುಕಿಯ ಕಾಲು ಹಿಡಿಯೋಣ ಅನ್ನಿಸಿತು. ಹಿಡಿದಿದ್ದರೆ ಅದಕ್ಕೂ ಬೈಯುತ್ತಿದ್ದಳು.

ಮುಂದಿನ ವಾರ ಮೇಡಂ ಶೆಡ್ಡಿಗೇ ಬಂದರು. ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗೀಟನ್ನು ಪೆನ್ನಿನ ತುದಿಯಿಂದ ಎಣಿಸಿದರು. ಒಟ್ಟು ನೂರ ಅರವತ್ತಮೂರು. ಕೊನೆಯ ಪೊಂಗಲ್ ಗೀಟಿನಿಂದ ಈಚೆಗೆ ತೊಂಬತ್ತೊಂದು. "ಆಫೀಸಿನಲ್ಲಿ ಕಂಬವನ್ನು ಫೈಲಿಗೆ ಹಾಕೋಕಾಗಲ್ಲಮ್ಮ" ಎಂದು ನಕ್ಕು, ನನ್ನ ತೂಕದ ಪುಸ್ತಕ ಕೇಳಿದರು. ಹನ್ನೊಂದನೇ ಮಣೆಯ ಸಾಲಿನಲ್ಲಿ ಕೆಲವು ದಿನ ಹತ್ತು ಕಿಲೋ, ಕೆಲವು ದಿನ ಹದಿನೈದು. ನಾನು ಕನ್ನಡದಲ್ಲಿ ಓದಿ ಹೇಳುತ್ತಾ ಹೋದೆ, ಅವರು ಹದಿನೈದಿದ್ದ ತಾರೀಖುಗಳನ್ನಷ್ಟೇ ಗುರುತು ಹಾಕಿಕೊಂಡರು. ಎಂಬತ್ತೆಂಟು ಬಂತು.

"ಮೂರು ದಿನ ಎಲ್ಲಿ ಹೋಯ್ತು?"

"ಆ ದಿನ ಅವಳಿಗೂ ಕೈ ನೋವಿದ್ದಿರಬೇಕು ಮೇಡಂ."

ಹತ್ತನೇ ಮಣೆಯವಳ, ಹನ್ನೆರಡನೇ ಮಣೆಯವಳ ಹೇಳಿಕೆ ತೆಗೆದುಕೊಂಡು, ಎಂಬತ್ತೆಂಟೇ ಬರೆದರು. ಎಪ್ಪತ್ತಕ್ಕೆ ಅದು ಧಾರಾಳವಾಗಿ ಸಾಕಿತ್ತು. ದೊಡ್ಡಮ್ಮ ಹೆಬ್ಬೆರಳು ಚಾಚಿ, ಎಲ್ಲಿ ಒತ್ತಬೇಕು ತೋರಿಸು ಎಂದು ಗದರಿಸಿ, ಹೆಬ್ಬೆಟ್ಟು ಒತ್ತಿದಳು. ಹುಣಸೆ ಹುಳಿಗೆ ಸವೆದ ಬೆರಳು, ಗೆರೆ ಸರಿಯಾಗಿ ಮೂಡಲು ಮೂರು ಸಲ ಒತ್ತಬೇಕಾಯಿತು. ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಇನ್ನೂ ಎರಡು ಮಧ್ಯಾಹ್ನ ಬಂದು ಉಳಿದ ಮಣೆಗಳನ್ನೂ ವಿಚಾರಿಸಿ, ಬದಲಿ ಕೂರುವ ಇನ್ನೂ ಒಂಬತ್ತು ಹೆಂಗಸರನ್ನು ಪತ್ತೆಹಚ್ಚಿ ಅವರ ಹೆಸರನ್ನೂ ಸೇರಿಸಿದರು. ನನಗೆ ಹೊಸ ರಿಜಿಸ್ಟರಿನಲ್ಲಿ ಗೆರೆ ಎಳೆದು ಕೊಟ್ಟು, ಬದಲಿ ಬಂದರೂ ಬಂದವಳ ಹೆಸರು, ಅವಳ ದಿನ, ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿಕೊಟ್ಟರು. ದಂಡ ಕಟ್ಟಿದೆ. ಕಟ್ಟುವಾಗ ಗೊಣಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲೇ ಹೋಗಿ ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಸರ್ಕಾರಿ ಮೇಜು ಎಂದರೆ ದೂರ ಓಡುವ ನನ್ನ ಚಾಳಿ ಅವತ್ತಿಗೆ ಬಿಟ್ಟಿತು.

ಏಳು ತಿಂಗಳು ತುಂಬಿದ ಮೇಲೆ ಸೊಸೆಗೆ ಇಪ್ಪತ್ತಾರು ವಾರದ ರಜೆ ಶುರುವಾಯಿತು. ತವರಿನಲ್ಲಿ ಹೆಣ್ಣು ಮಗುವಾಯಿತು, ತಾಯಿ ಮಗು ಇಬ್ಬರೂ ಗಟ್ಟಿ. ದೊಡ್ಡಮ್ಮ ಕುರಿಗಳನ್ನು ಮಗನಿಗೆ ಒಪ್ಪಿಸಿ, ಊದಿದ ಮಂಡಿಗೆ ಬಟ್ಟೆ ಸುತ್ತಿಕೊಂಡು ಶೆಡ್ಡು ಮುಚ್ಚುವ ಭಾನುವಾರ, ಹಬ್ಬ ಬಿಟ್ಟರೆ ಒಂದು ದಿನ ತಪ್ಪದೆ ಬಂದಳು. ಸಂಜೆ ತೂಕವಾದ ಮೇಲೆ ಬೀಜ ತೆಗೆಯುವ ಚೂರಿಯ ತುದಿಯಿಂದ ಕಂಬದ ಮೇಲಿನ ಒಂದು ಗೀಟನ್ನು ಕೆರೆದು ಹಾಕಿ ಮನೆಗೆ ಹೋಗುವಳು. ದಿನಕ್ಕೊಂದು. ನಾನು ತಕ್ಕಡಿ ಒರೆಸುವ ನೆಪದಲ್ಲಿ ನೋಡುತ್ತಾ ನಿಲ್ಲುತ್ತಿದ್ದೆ.

ರಜೆ ಮುಗಿದ ಮಾರನೆಯ ಬೆಳಿಗ್ಗೆ ಸೊಸೆ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಬುತ್ತಿ. ಹೆಂಗಸರೆಲ್ಲ ಚೂರಿ ಕೆಳಗಿಟ್ಟು ಮಗುವನ್ನು ಮುತ್ತಿಕೊಂಡರು. ದೊಡ್ಡಮ್ಮ ಮಾತ್ರ ಮಣೆ ಬಿಟ್ಟು ಏಳಲಿಲ್ಲ. ಹಿಂದಕ್ಕೆ ತಿರುಗಿ ಕಂಬದಲ್ಲಿ ಉಳಿದ ಗೀಟುಗಳ ಮೇಲೆ ಬೆರಳಾಡಿಸಿದಳು.

"ಇನ್ನೂ ಒಂಬತ್ತು ಐತೆ. ಓಗು ಮನೆಗೆ."

"ಅತ್ತೆ, ರಜಾ ನೆನ್ನೆಗೇ ಮುಗೀತು. ಸರ್ಕಾರದೋರು ಕೊಟ್ಟಿದ್ದು ಅಷ್ಟೇ."

"ಸರ್ಕಾರದ್ದು ಮುಗೀತು. ನಂದು ಮುಗ್ದಿಲ್ಲ. ಓಗ್ಲೇ, ಮಗೀಗೆ ಬಿಸ್ಲು ತಗಲ್ತದೆ."

ಸೊಸೆ ನನ್ನ ಕಡೆ ನೋಡಿದಳು. ನಾನು ಹೊಸ ರಿಜಿಸ್ಟರು ತೆಗೆದು, ಸೊಸೆಯ ಹೆಸರಿನ ಮುಂದೆ ಒಂಬತ್ತು ದಿನ ರಜೆ ಎಂದು ಬರೆದೆ. ದೊಡ್ಡಮ್ಮನ ಹೆಸರಿನ ಮುಂದೆ ಆ ದಿನದ ಹಾಜರಿ ಹಾಕಿದೆ.