ನಂಬಿಕೆಗೆ ಎರಡು ಅಂಕ

ಯಂತ್ರವನ್ನು ಮನುಷ್ಯ ಎಷ್ಟು ನಂಬಬೇಕೆಂಬುದು ನಾಗರಿಕತೆಯ ಮುಂದಿರುವ ಮಹಾಪ್ರಶ್ನೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿರುವ ನಮ್ಮ ಆಫೀಸಿನಲ್ಲಿ ಅದು ಊಟದ ಡಬ್ಬಿ ಬಿಚ್ಚುವುದರೊಳಗೆ ಇತ್ಯರ್ಥವಾಯಿತು.

ಹಡಗಿಗೇರುವ ಸರಕಿನ ಕಾಗದಪತ್ರ ಪರಿಶೀಲಿಸುವುದು ನಮ್ಮ ಕೆಲಸ. ಅದೇ ಕಾಗದ ನೋಡಿ ‘ಸರಿ’, ‘ತಪ್ಪು’ ಎನ್ನುವ, ಯಾಕೆಂದು ಕಾರಣವನ್ನೂ ಬರೆದು ತೋರಿಸುವ ಸಾಫ್ಟ್‌ವೇರೊಂದು ಬಂದಿತ್ತು. ಕಾರಣ ಕೊಟ್ಟರೆ ನಂಬಿಕೆ ಎಷ್ಟು ಏರುತ್ತದೆಂದು ಅಳೆಯಲು ಕಳಮಶ್ಶೇರಿಯ ವಿಶ್ವವಿದ್ಯಾಲಯದಿಂದ ಸಂಶೋಧನೆಯ ಹುಡುಗಿಯೊಬ್ಬಳು ಬಂದಳು, ಕಾಸರಗೋಡಿನ ಕನ್ನಡದವಳು. ಕೆಲವು ವಾರ ಬಳಸಿದ ಮೇಲೆ ನಮಗೆಲ್ಲ ಒಂದೊಂದು ಹಾಳೆ: ನಂಬಿಕೆಗೆ ಒಂದರಿಂದ ಏಳರವರೆಗೆ ಅಂಕ.

ಎಲ್ಲರೂ ಏಳು ಕೊಟ್ಟರು. ನಾನು ಎರಡು.

“ಎಂತ ಸರ್ ಇದು? ಕನ್ನಡದವರು ನೀವೇ ಹೀಗೆ ಮಾಡುದಾ?”

“ಅಳೀತಿರೋದು ಯಂತ್ರಾನೋ, ಕನ್ನಡಾನೋ?”

ಪಕ್ಕದ ಮೇಜಿನ ಅಕ್ಕ, ಎಲ್ಲರ ಚೇಚಿ, ಮಲಯಾಳದಲ್ಲೇ ಗದರಿದರು. “ಪಾವಂ ಕುಟ್ಟಿ, ಪಾಪದ ಹುಡುಗಿ! ಪಾಸಾಗಲಿ ಅಂತ ನಾವೆಲ್ಲ ಪೂರ್ತಿ ಮಾರ್ಕು ಹಾಕಿದ್ದೇವೆ. ನಿಮ್ಮದೇನು ಗಂಟು ಹೋಗುತ್ತದೆ?”

ಅಂದರೆ ಇವರು ಅಂಕ ಕೊಟ್ಟದ್ದು ಹುಡುಗಿಗೆ. ಅವಳ ಮುಖ ಇಳಿಯಿತು. ಆ ತಿಂಗಳ ಕೊನೆಗೆ ಪ್ರಬಂಧ ತಿರುವನಂತಪುರದ ಮಾರ್ಗದರ್ಶಕರ ಕೈಸೇರದಿದ್ದರೆ ಅವಳ ಸಂಶೋಧನೆಯ ಅವಧಿ ಮುಗಿಯುತ್ತಿತ್ತು.

“ನಾಲ್ಕಾದ್ರೂ ಮಾಡಿ ಸರ್.”

“ಮಾಡಲ್ಲಮ್ಮ. ಅದು ಕಾರಣ ಚೆನ್ನಾಗಿ ಹೇಳತ್ತೆ, ನಿಜ. ತಪ್ಪು ಮಾಡಿದಾಗಲೂ ಅಷ್ಟೇ ಚೆನ್ನಾಗಿ ಹೇಳತ್ತೆ. ಅಂಥ ಮೇಲಧಿಕಾರಿಗಳ ಕೈಕೆಳಗೆ ಮೂವತ್ತು ವರ್ಷ ಕೂತಿದೀನಿ. ಹಾಳೆ ಬಿಡು. ಯಂತ್ರ ‘ಸರಿ’ ಅಂದಮೇಲೂ ಇವರು ಕಾಗದ ತಿರುವಿ ನೋಡ್ತಾರಾ ಇಲ್ವಾ, ಅದನ್ನ ನೋಡು.”

ಎರಡು ದಿನ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದಳು. ಏಳು ಕೊಟ್ಟ ಮಹನೀಯರೆಲ್ಲ ಪ್ರತಿ ಕಾಗದವನ್ನೂ ಮತ್ತೆ ಓದಿದರು. ಚೇಚಿ ಬೆರಳಿಟ್ಟು ಎರಡೆರಡು ಸಲ ಓದಿದರು. ಯಾಕೆಂದು ಕೇಳಿದ್ದಕ್ಕೆ, “ನಂಬಿಕೆಯೇನೋ ಇದೆ ಮಗಳೇ. ಸಹಿ ನನ್ನದಲ್ಲವೇ?” ಎಂದರು.

ಮಾರ್ಗದರ್ಶಕರು ನನಗೂ ಕೇಳುವಷ್ಟು ಜೋರಾಗಿ ಫೋನಿನಲ್ಲಿ ಸುಲಭೋಪಾಯ ಸೂಚಿಸಿದರು: ಎರಡು ಕೊಟ್ಟ ಹಟಮಾರಿಯ ಹಾಳೆ ತೆಗೆದುಹಾಕಿ, ಮೂಲೆಯಲ್ಲಿ ಕೂತು ನೋಡಿದ್ದನ್ನು ಮರೆತು, ಪ್ರಬಂಧ ಕಳಿಸುವುದು. ಹಟಮಾರಿಯಾದ ನಾನು ಎದುರಿಗೇ ಕೂತಿದ್ದೆ. ಬೇಕಾದರೆ ತೆಗಿ ಎಂದು ಸನ್ನೆ ಮಾಡಿದೆ; ಅಂಕ ತಿದ್ದುವುದಕ್ಕೆ ಮಾತ್ರ ನಾನು ಒಪ್ಪುತ್ತಿರಲಿಲ್ಲ. ಅವಳು ನನ್ನತ್ತ ನೋಡಲಿಲ್ಲ. “ತೆಗೆಯುವುದಿಲ್ಲ ಸರ್. ಏಳು ಕೊಟ್ಟವರೇ ನಂಬಿಲ್ಲ, ಅದನ್ನೇ ಬರೆಯುತ್ತೇನೆ,” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿ ಫೋನಿಟ್ಟಳು.

ಹೊಸದಾಗಿ ಬರೆಯಬೇಕಾದ್ದರಿಂದ ಪ್ರಬಂಧ ಆ ತಿಂಗಳು ಸಲ್ಲಿಕೆಯಾಗಲಿಲ್ಲ. ಅರ್ಜಿ ಹಾಕಿದ ಮೇಲೆ ಅವಳಿಗೆ ಇನ್ನೂ ಆರು ತಿಂಗಳ ಅವಧಿ ಕೊಟ್ಟರು.