ತಲೆನೋವಿಗೆ ಗೇಟ್ ಪಾಸ್ ಇಲ್ಲ

ಪೀಣ್ಯದ ಕಾರ್ಖಾನೆಯಲ್ಲಿ ನನ್ನದು ಬೇರಿಂಗ್‌ಗಳ ಅಳತೆ ನೋಡುವ ಕೆಲಸ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತರೆ ಡಯಲ್ ಗೇಜಿನ ಅರ್ಧ ಮುಖವೇ ಮಾಯ. ಉಳಿದರ್ಧದ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣುಕುತ್ತಿತ್ತು. ಇನ್ನು ಅರ್ಧ ಗಂಟೆಗೆ ಎಡಗಡೆ ತಲೆ ಸಿಡಿಯುತ್ತದೆ ಅಂತ ನನಗೆ ಗೊತ್ತು. ಅಷ್ಟರೊಳಗೆ ಮನೆ ಸೇರಬೇಕೆಂದು ಫಸ್ಟ್ ಏಡ್ ರೂಮಿಗೆ ಓಡಿದೆ.

ಅಲ್ಲಿದ್ದ ಕಾಂಪೌಂಡರ್ ರಂಗಣ್ಣ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು ತೆಗೆದರು. "ಜ್ವರ ಇಲ್ವಲ್ಲ ಸಾರ್. ಬರೀ ತಲೆನೋವಿಗೆ ಗೇಟ್ ಪಾಸ್ ಕೊಡಂಗಿಲ್ಲ."

"ಮೈಗ್ರೇನ್ ಕಣ್ರೀ. ಮೊದಲು ಆ ಟ್ಯೂಬ್‌ಲೈಟ್ ಆರಿಸಿ."

"ನಮ್ಮ ರಿಜಿಸ್ಟರ್‌ನಲ್ಲಿ ಜ್ವರ, ಗಾಯ, ವಾಂತಿ ಮೂರೇ ಇರೋದು" ಅಂತ ಪುಸ್ತಕ ತೆರೆದು ತೋರಿಸಿದರು. ಅಷ್ಟರಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು; ಆ ಪುಸ್ತಕದ ಮೇಲೆಯೇ ವಾಂತಿ ಮಾಡಿಕೊಂಡೆ.

ರಂಗಣ್ಣನ ಮುಖ ಅರಳಿತು. "ಮೊದ್ಲೇ ಹೇಳ್ಬಾರ್ದಾ ಸಾರ್!" ಒದ್ದೆಯಾಗದ ಹಾಳೆ ಹುಡುಕಿ, 'ಕ್ಯಾಂಟೀನ್ ಸಾಂಬಾರು ಸೇರಲಿಲ್ಲ' ಅಂತ ಬರೆದು ಪಾಸ್ ಕೊಟ್ಟರು.

ಎರಡು ದಿನ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದು ಕೆಲಸಕ್ಕೆ ಬಂದೆ. ಆ ಬರಹದಿಂದ ಮ್ಯಾನೇಜರ್ ಹತ್ತಿರ ಬೈಸಿಕೊಂಡಿದ್ದ ಕ್ಯಾಂಟೀನ್ ಅಡುಗೆಯವರು ನನ್ನ ತಟ್ಟೆಗೆ ಮೊಸರನ್ನ ಮಾತ್ರ ಹಾಕಿ, ಮುಂದಿನವರ ಕಡೆ ತಿರುಗಿದರು. ಅವತ್ತಿನಿಂದಲೂ ತಲೆನೋವು ಬರುತ್ತಲೇ ಇದೆ. ಸಾಂಬಾರು ಮಾತ್ರ ಬಂದಿಲ್ಲ.