ತುಳಸಮ್ಮನವರ ಮನೆಯ ಎರಡು ಸ್ವಿಚ್ಚಿನ ದೀಪ

ತುಮಕೂರಿನ ಚಿಕ್ಕಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನಿ ತುಳಸಮ್ಮನವರು. ಐವತ್ತೇಳನೇ ಇಸವಿ ಇರಬೇಕು. ನನಗೆ ಮದುವೆಯಾಗಿ ಹೊಸದು. ಮುಂದಿನ ಕೋಣೆ, ಪಕ್ಕದಲ್ಲಿ ಒಲೆ ಹಾಕುವಷ್ಟು ಜಾಗ ನಮ್ಮದು, ಉಳಿದದ್ದೆಲ್ಲ ಅವರದು. ನಡುಮನೆಯಿಂದ ಮಹಡಿಗೆ ಹೋಗುವ ಮೆಟ್ಟಿಲು ಎರಡು ಗೋಡೆಗಳ ನಡುವೆ ಇತ್ತು. ಕಿಟಕಿ ಇಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಅಲ್ಲಿ ಕತ್ತಲೆಯೇ.

ಆ ವರ್ಷ ಅವರ ಮಗಳು ಶಾರದಳಿಗೆ ಗುಬ್ಬಿಯ ಸಂಬಂಧ ಕೂಡಿಬರುವ ಹಾಗಿತ್ತು. ಹಿಂದೆ ಬಂದವೆಲ್ಲ ಒಂದಲ್ಲ ಒಂದು ನೆಪದಿಂದ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಹುಡುಗಿಯ ಗತಿಯೇನು ಎಂದು ತುಳಸಮ್ಮನವರಿಗೆ ನಿದ್ದೆಯಿಲ್ಲ. ಗುಬ್ಬಿಯವರನ್ನು ಮಹಡಿಯ ಹಜಾರದಲ್ಲಿ ಕೂರಿಸಬೇಕು, ಬಂದವರು ಮೆಟ್ಟಿಲಲ್ಲಿ ತಡವರಿಸಬಾರದು ಎಂದು ಯಜಮಾನರಾದ ಅನಂತರಾಮಯ್ಯನವರು ಕುಣಿಗಲ್ ಕಡೆಯ ಅಂಜನಮೂರ್ತಿ ಎಂಬ ವೈರ್‌ಮನ್ನನ್ನು ಕರೆಸಿದರು.

ಅಲ್ಲಿಯವರೆಗೆ ಮೆಟ್ಟಿಲ ಬುಡದಲ್ಲಿ ಒಂದೇ ಸ್ವಿಚ್ಚು. ಗುಂಡಿ ಕೆಳಗಿದ್ದರೆ ದೀಪ ಉಂಟು, ಮೇಲಿದ್ದರೆ ಇಲ್ಲ. ಅಂಜನಮೂರ್ತಿ ಗೋಡೆಗೆ ಮರದ ಪಟ್ಟಿ ಹೊಡೆದು, ತಂತಿ ಎಳೆದು, ಕೆಳಗಿನ ಸ್ವಿಚ್ಚು ಬದಲಾಯಿಸಿ, ಮೇಲೆ ಇನ್ನೊಂದು ಕೂರಿಸಿದ.

“ಈ ಎರಡರ ನಡುವೆ ಎರಡು ತಂತಿ ಓಡ್ತವೆ ಸ್ವಾಮಿ. ಎರಡು ಸ್ವಿಚ್ಚೂ ಒಂದೇ ತಂತಿ ಮ್ಯಾಲೆ ಕೂತ್ರೆ ದೀಪ ಹತ್ಕೊಳ್ತದೆ. ಇದೊಂದ್ರ ಮ್ಯಾಲೆ, ಅದೊಂದ್ರ ಮ್ಯಾಲೆ ಕೂತ್ರೆ ಆರೋಯ್ತದೆ. ಕೆಳಗೆ ಹಾಕಿ, ಮ್ಯಾಲೋಗಿ ಆರ್ಸಿ. ಮ್ಯಾಲೆ ಹಾಕಿ, ಕೆಳಗ್ಬಂದು ಆರ್ಸಿ.”

ಅನಂತರಾಮಯ್ಯನವರು ಮೇಲೆ ಹತ್ತಿ ಟಕ್ ಎನ್ನಿಸಿದರು, ಇಳಿದು ಬಂದು ಟಕ್ ಎನ್ನಿಸಿದರು. “ಭೇಷ್ ಕಣಯ್ಯಾ!”

ತುಳಸಮ್ಮನವರು ಬಾಗಿಲ ಬಳಿ ನಿಂತು ಕೇಳಿದರು: “ಏನಪ್ಪಾ, ದೀಪ ಇರೋವಾಗ ಗುಂಡಿ ಕೆಳಗಿರುತ್ತೋ, ಮೇಲಿರುತ್ತೋ?”

“ಎಂಗಾದ್ರೂ ಇರ್ಬೌದು ಕಣಮ್ಮ. ಇನ್ಮ್ಯಾಕೆ ಗುಂಡಿ ಮುಟ್ಟಿ ಹೇಳಕ್ಕಾಗಕಿಲ್ಲ. ದೀಪ ನೋಡೇ ಹೇಳ್ಬೇಕು.”

“ಹಾಗಾದ್ರೆ ಹಳೇದನ್ನೇ ಹಾಕ್ಕೊಟ್ಟು ಹೋಗಪ್ಪ.”

“ಹೋಗೇ, ಹಳ್ಳಿ ಗುಗ್ಗೂ!” ಎಂದು ಯಜಮಾನರು ನಕ್ಕರು.

ಆಮೇಲೆ ಶುರುವಾಯಿತು. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚಿ, ಮೆಟ್ಟಿಲ ದೀಪವನ್ನೂ ಹಾಕಿ, ಅದಕ್ಕೂ ಕೈ ಮುಗಿಯುವುದು ತುಳಸಮ್ಮನವರ ಪದ್ಧತಿ. ಒಂದು ಸಂಜೆ ಬಲ್ಬು ಚೆನ್ನಾಗಿ ಉರಿಯುತ್ತಿತ್ತು. ಮೇಲಿನಿಂದ ಯಾರೋ ಹಾಕಿದ್ದರು. ಅವರು ಬಂದು ಗುಂಡಿ ಒತ್ತಿದರು. ಕಗ್ಗತ್ತಲೆಯಾಯಿತು. ಆ ಕತ್ತಲೆಯ ಕಡೆಗೆ ಮುಖ ಎತ್ತಿ, ಎರಡೂ ಕೈ ಜೋಡಿಸಿ, ತುಟಿಯಲ್ಲೇ ಶ್ಲೋಕ ಹೇಳಿಕೊಂಡು ನಿಂತರು. ಆಮೇಲೆ ಸರಸರನೆ ಹತ್ತಿಹೋದರು. ಹೆಜ್ಜೆ ಎಲ್ಲೂ ತಡೆಯಲಿಲ್ಲ. ಮೇಲೆ ಆ ಕತ್ತಲೆಯಲ್ಲೇ ಅವರು ಬಟ್ಟೆ ಮಡಿಸುವ ಸಪ್ಪಳ ಕೇಳಿಸಿತು.

ಮುಸುರೆ ತಿಕ್ಕುವ ಚಿಕ್ಕಗಂಗಮ್ಮನೂ ನೋಡಿದ್ದಳು. “ಅಮ್ಮಾರು ಕತ್ಲಿಗೆ ಕೈ ಮುಗೀತಾರೆ ಕಣವ್ವ. ಒಳಗೆ ಯಾರವ್ರೆ ಅಂತ ಮುಗೀತಾರೆ?”

“ಸುಮ್ನಿರೇ. ಗುಬ್ಬಿಯವರ ಕಿವಿಗೆ ಬಿದ್ರೆ ಸಂಬಂಧ ಮುರಿದುಹೋಗುತ್ತೆ.”

“ನಾನ್ಯಾಕೆ ಹೇಳಾನ? ನಂಗೆ ಮಕ್ಳು ಮರಿ ಇಲ್ವಾ?”

ಒಂದು ಮಧ್ಯಾಹ್ನ ನಾನು ಮಹಡಿಯಲ್ಲಿ ಒಣಹಾಕಿದ ಹಪ್ಪಳ ತೆಗೆದುಕೊಂಡು ಇಳಿಯುತ್ತಿದ್ದೆ. ತುಳಸಮ್ಮನವರು ಕೆಳಗಿನಿಂದ ಹತ್ತಿ ಬಂದರು. ಆವತ್ತು ದೀಪ ಉರಿಯುತ್ತಿತ್ತು. ಅವರ ಕಣ್ಣು ನೇರ ನನ್ನ ಮುಖದ ಮೇಲಿತ್ತು, ರೆಪ್ಪೆ ಅಲುಗಲಿಲ್ಲ. ನಾನು ಹಪ್ಪಳವನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತುಬಿಟ್ಟೆ. ಅವರು ಬಂದೇ ಬಂದರು. ಗೋಡೆ ಸವರುತ್ತಿದ್ದ ಬೆರಳು ನನ್ನ ಮೂಗಿಗೆ ತಗುಲಿ ನಿಂತಿತು.

“ಯಾರದು?” ಎಂದರು. ಆ ಬೆರಳು ನನ್ನ ಮೂಗುಬೊಟ್ಟು, ಕೆನ್ನೆ, ಕಿವಿ ಎಲ್ಲ ತಡವಿತು. “ನೀನಾ?”

ಕಣ್ಣು ನೋಡಲು ತಿಳಿನೀರಿನ ಹಾಗೇ ಇತ್ತು. ಒಳಗೆ ಮಾತ್ರ ಏನೂ ಉಳಿದಿರಲಿಲ್ಲ. ವರ್ಷದಿಂದ ವರ್ಷಕ್ಕೆ ದೃಷ್ಟಿ ಸ್ವಲ್ಪ ಸ್ವಲ್ಪವೇ ಹೋಯಿತಂತೆ. ಅಷ್ಟರಲ್ಲಿ ಮನೆಯೆಲ್ಲ ಕೈಗೂ ಕಾಲಿಗೂ ಬಾಯಿಪಾಠವಾಗಿತ್ತು. ಕಚೇರಿಗೆ ಹೋಗಿಬರುವ ಗಂಡನಿಗಾಗಲಿ, ಮಗಳಿಗಾಗಲಿ ಗೊತ್ತಾಗಲೇ ಇಲ್ಲ; ಇವರೂ ಹೇಳಲಿಲ್ಲ.

“ನಮ್ಮಮ್ಮನಿಗೂ ಹೀಗೇ ಆಗಿತ್ತು ಕಣೇ. ವಂಶದಲ್ಲೇ ಇದೆ ಅಂತ ಗೊತ್ತಾದ್ರೆ ಶಾರದನ್ನ ಯಾರು ತಗೋತಾರೆ? ಬಾಯಿ ಬಿಡಬೇಡ. ಆ ಹಾಳು ಸ್ವಿಚ್ಚೊಂದು ನನ್ನ ಕೈಗೆ ಮಣ್ಣು ಹಾಕಿತು.”

ಗುಬ್ಬಿಯವರು ಬಂದ ದಿನ ನಾನೇ ದೀಪ ಹಾಕಿಟ್ಟು, “ನೀವು ಗುಂಡಿ ಮುಟ್ಟಲೇಬೇಡಿ” ಎಂದು ಹೇಳಿದ್ದೆ. ಹುಡುಗನ ತಂದೆ ಸೀತಾರಾಮಯ್ಯನವರು, ತಾಯಿ ಕೌಸಲ್ಯಮ್ಮನವರು, ಹುಡುಗ, ಎಲ್ಲರೂ ಮಹಡಿಯಲ್ಲಿ ಕೂತರು. ಶಾರದ ಹಾಡು ಹೇಳಿದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನಾನು ಕೆಳಗೆ ಕಾಫಿ ಸೋಸುತ್ತಿದ್ದೆ. ಅಷ್ಟರಲ್ಲಿ ಅನಂತರಾಮಯ್ಯನವರಿಗೆ ಬೀಗರಾಗುವವರಿಗೆ ಸ್ವಿಚ್ಚು ತೋರಿಸುವ ಹುಮ್ಮಸ್ಸು ಬಂತು. ಟಕ್, ಟಕ್, ಟಕ್, ಟಕ್. ಕೊನೆಗೆ ದೀಪ ಹತ್ತಿಸಿಯೇ ಬಿಟ್ಟರು. ಆದರೆ ಕೆಳಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ತುಳಸಮ್ಮನವರಿಗೆ ಆ ಸದ್ದಿನ ಲೆಕ್ಕ ತಪ್ಪಿತು. ದೀಪ ಆರಿದೆ ಎಂದುಕೊಂಡು ಗುಂಡಿ ಒತ್ತಿದರು.

ಆ ಹೊತ್ತಿಗೆ ಕೌಸಲ್ಯಮ್ಮನವರು ಹಿತ್ತಲಿಗೆ ಹೋಗಬೇಕೆಂದು ಅರ್ಧ ಮೆಟ್ಟಿಲು ಇಳಿದಿದ್ದರು.

“ಅಯ್ಯೋ! ಯಾರದು?” ಎಂದು ಕಿರುಚಿದ್ದು ಕೇಳಿ ನಾನು ಓಡಿ ಬಂದೆ.

ಕತ್ತಲೆಯೊಳಗಿನಿಂದ ತುಳಸಮ್ಮನವರ ಸಮಾಧಾನದ ದನಿ ಬಂತು: “ನಾನೇ ಕಣ್ರೀ. ಯಾಕೆ ನಿಂತ್ಬಿಟ್ರಿ? ಬನ್ನಿ, ದೀಪ ಇದೆಯಲ್ಲ.”

ಮೇಲೆ ಬಳೆ ಗೋಡೆಗೆ ತಾಗಿದ ಸದ್ದಾಯಿತು.

“ಕೈ ಕೊಡಿ. ಇಲ್ಲಿ ಕಲ್ಲು ಸವೆದಿದೆ, ನೋಡ್ಕೊಂಡು ಇಡಿ. ಮುಂದಿನದು ಸ್ವಲ್ಪ ಎತ್ತರ. ಹಾಂ, ಬನ್ನಿ.”

ನಾನು ತಡಕಾಡಿ ಗುಂಡಿ ಒತ್ತುವ ಹೊತ್ತಿಗೆ ಇಬ್ಬರೂ ಕೊನೆಯ ಮೆಟ್ಟಿಲಲ್ಲಿದ್ದರು. ತಟ್ಟೆಯಲ್ಲಿನ ಕುಂಕುಮ ಗೋಪುರದ ಹಾಗೆ ನಿಂತಿತ್ತು, ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ. ಕೌಸಲ್ಯಮ್ಮನವರ ಮುಖದಲ್ಲಿ ರಕ್ತವಿರಲಿಲ್ಲ.

ಹಿತ್ತಲಿನಲ್ಲಿ ಅವರು ನನ್ನನ್ನು ಕೇಳಿದರು: “ಏನ್ರೀ, ಆಕೆಗೆ ಕತ್ತಲಲ್ಲೂ ಕಣ್ಣು ಕಾಣುತ್ತಾ?”

ನಾನು ಏನು ಹೇಳಲಿ ಎನ್ನುವುದರೊಳಗೆ ಚಿಕ್ಕಗಂಗಮ್ಮ ಪಾತ್ರೆ ಬಿಟ್ಟು ಎದ್ದಳು. “ಅಮ್ಮಾರಿಗೆ ಕತ್ಲು ಬೆಳಕು ಎಲ್ಡೂ ಒಂದೇಯಾ ಕಣ್ರವ್ವ. ಜೊತೇಲಿ ಯಾರೋ ಅವ್ರೆ. ಅವ್ರ ಮನಸ್ಸು ನೋಯ್ಸಿದ್ರೆ ಉಳಿಯಾಕಿಲ್ಲ ಬುಡಿ.”

ಗುಬ್ಬಿಯವರು ಕಾಫಿ ಕುಡಿಯದೆ ಹೊರಟರು.

ಆಯಿತು, ಇದೂ ಹೋಯಿತು ಎಂದುಕೊಂಡೆವು. ಆದರೆ ಸಂಬಂಧ ತಂದಿದ್ದ ವೆಂಕಟರಂಗಯ್ಯನವರು ವಾರ ಕಳೆಯುವುದರೊಳಗೆ ಬಂದರು. “ಒಪ್ಪಿಗೆಯಂತೆ. ನಿಜ ಹೇಳ್ಬೇಕಂದ್ರೆ, ಬೇಡ ಅನ್ನೋಕೆ ಅವರಿಗೆ ಭಯ. ಕೌಸಲ್ಯಮ್ಮ ಜ್ವರ ಹಿಡಿದು ಮಲಗಿದ್ರು. ಆದ್ರೆ ಒಂದು ಮಾತು. ಮದುವೆ ಆದ್ಮೇಲೆ ಹುಡುಗಿ ದೀಪ ಹಚ್ಚೋ ಹೊತ್ತಿಗೆ ಈ ಮನೇಲಿ ಇರಕೂಡದು. ಬಾಣಂತನವೂ ಅಲ್ಲೇ. ಮಗು ಈ ಹೊಸ್ತಿಲು ದಾಟೋ ಹಾಗಿಲ್ಲ.”

“ಏನಯ್ಯಾ, ನನ್ನ ಹೆಂಡತಿ ಏನು ದೆವ್ವವೇ?” ಎಂದು ಅನಂತರಾಮಯ್ಯನವರು ಎದ್ದು ನಿಂತರು.

ನಾನು ಬಾಗಿಲ ಸಂದಿಯಿಂದ ತುಳಸಮ್ಮನವರನ್ನು ನೋಡಿದೆ. ದೆವ್ವವಲ್ಲ, ಕುರುಡು ಎಂದರೆ ಭಯ ಹೋಗುತ್ತಿತ್ತು. ಭಯದ ಜೊತೆಗೆ ಸಂಬಂಧವೂ ಹೋಗುತ್ತಿತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು.

“ಆಗ್ಲಿ ಅನ್ನಿ,” ಎಂದರು.

ಮದುವೆಯಾಯಿತು. ಹೊರಡುವಾಗ ಶಾರದ ನನ್ನ ಹತ್ತಿರ ಅತ್ತಳು: “ಅಮ್ಮ ಒಂದು ಮಾತಿಗಾದ್ರೂ ಬೇಡ ಅನ್ನಲಿಲ್ಲ ನೋಡಿ.” ನಾನು ಅವಳ ಕಣ್ಣೊರೆಸಿ ಕಳಿಸಿದೆ. ತುಳಸಮ್ಮನವರು ಗುಬ್ಬಿಗೆ ಹೋಗಲೂ ಇಲ್ಲ. ಕಾಣದ ಮನೆಯಲ್ಲಿ ಒಂದು ಕಂಬಕ್ಕೆ ಹಣೆ ಬಡಿದರೆ ಸಾಕು, ಎಲ್ಲ ಹೊರಬೀಳುತ್ತಿತ್ತು.

ಗಂಡು ಮಗು ಹುಟ್ಟಿದ ಮೇಲೆ ನಾನೇ ರೈಲಿನಲ್ಲಿ ಹೋಗಿ ನೋಡಿಕೊಂಡು ಬಂದೆ. ತುಳಸಮ್ಮನವರು ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದರು.

“ಯಾರ ಹಾಗಿದೆ ಅಂತ ಹೇಳಬೇಡ, ಅದು ನನಗೆ ಬೇಡ. ಎತ್ಕೊಂಡ್ಯಾ? ಎಷ್ಟು ಭಾರ?”

ನನಗೆ ಹೇಳಲು ತಿಳಿಯಲಿಲ್ಲ. ಒಳಗೆ ಹೋಗಿ ಹಳೇ ಪಂಚೆಯಲ್ಲಿ ಅಕ್ಕಿ ಹಾಕಿದೆ. ತೋಳಿನಲ್ಲಿ ಹಿಡಿದು ನೋಡಿದೆ, ಹಗುರವೆನಿಸಿತು. ಇನ್ನೊಂದು ಪಾವು ಹಾಕಿ, ಗಂಟು ಕಟ್ಟಿ ತಂದು ಅವರ ಮಡಿಲಲ್ಲಿಟ್ಟೆ.

ಅವರು ಕೆಳಗೆ ಕೈ ಕೊಟ್ಟು ಎತ್ತಿ ನೋಡಿದರು. “ಇಷ್ಟಿದೆಯಾ! ತಲೆ ಯಾವ ಕಡೆ?”

“ಎಡಗಡೆ.”

ಎಡ ಮೊಣಕೈಯನ್ನು ಗಂಟಿನ ಕೆಳಗೆ ಸರಿಮಾಡಿ, ಮೆಲ್ಲಗೆ ತಟ್ಟತೊಡಗಿದರು. ಕಸ ಗುಡಿಸಲು ಬಂದ ಚಿಕ್ಕಗಂಗಮ್ಮ ನಡುಮನೆಯ ಬಾಗಿಲಲ್ಲೇ ನಿಂತಳು. ಒಮ್ಮೆ ಅವರನ್ನು, ಒಮ್ಮೆ ಆ ಗಂಟನ್ನು ನೋಡಿ, ಪೊರಕೆ ಅಲ್ಲೇ ಹಾಕಿ ಹೋದಳು.

“ಯಾರದು ಬಂದದ್ದು?”

“ಗಂಗಮ್ಮ. ನಿಮ್ಮನ್ನ ನೋಡಿ ಹೆದರಿ ಓಡಿದ್ಲು.”

“ಹೆದರ್ಲಿ ಬಿಡು,” ಎಂದರು ತುಳಸಮ್ಮನವರು, ತಟ್ಟುವುದನ್ನು ನಿಲ್ಲಿಸದೆ. “ಇವರೆಲ್ಲ ಹೆದರ್ಕೊಂಡಷ್ಟು ದಿನ ಅಲ್ಲಿ ಶಾರದನ್ನ ಚೆನ್ನಾಗಿ ನೋಡ್ಕೋತಾರೆ.”